ಮೊದ್ಲ ನೆಟ್ಟಗ ನಿಂದ್ರಸ್ರಿ, ಆಮ್ಯಾಲೆ ನಡಸ್ರಿ

ಲಕ್ವಾ ಹೊಡದವರ ಮನಿಗೆ ನೋಡ್ಲಿಕ್ಕೆ ಹೋದವರೆಲ್ಲಾ ಕೇಳೂದು ಒಂದ ಪ್ರಶ್ನೆ. "ಈಗ ನಡೀತಾರೇನ್ರಿ?" ಮನಿಯವರು ಹೂಂ ಅಂದ್ರ ಮುಗೀತು. ದೇವರು ದೊಡ್ಡಾಂವ ಅಂತ ಹೇಳಿ, ಒಯ್ದಿದ್ದ ಬಾಳಿಹಣ್ಣು ಟೇಬಲ್ ಮ್ಯಾಲಿಟ್ಟು, ಚಹಾ ಕುಡದು ಎದ್ದ ಬರ್ತೇವಿ. ಹೆಂಗ ನಡೀತಾರ ಅಂತ ಯಾರೂ ಕೇಳೂದಿಲ್ಲ. ಯಾವ ಕಾಲಿನ ಮ್ಯಾಲೆ ಭಾರ ಹಾಕ್ತಾರ, ಟೊಂಕ ಯಾವ ಕಡೆ ವಾಲ್ತದ, ಮೊಳಕಾಲು ಹಿಂದಕ್ಕ ಬಾಗ್ತದೋ ಏನು, ಇದನ್ನೆಲ್ಲಾ ಕೇಳೋ ರೂಢಿನ ನಮ್ಮಲ್ಲಿಲ್ಲ. ನಡಿಗಿ ಅಂದ್ರ ನಮಗ ಸುತ್ತಿನ ಲೆಕ್ಕ. ಗುಡಿ ಪ್ರದಕ್ಷಿಣಿ ಹಾಕಿದಂಗ ಐದಾತೋ, ಹತ್ತಾತೋ, ಇಪ್ಪತ್ತೊಂದಾತೋ ಅಷ್ಟ.

ನಮ್ಮ ಓಣ್ಯಾಗ ನಮ್ಮನಿ ಸೇರಿ ಐದು ಮನ್ಯಾಗ ಲಕ್ವಾ ಆದವರಿದ್ದಾರ. ಅದರಾಗ ಒಬ್ಬ ಕಾಕಾ ದಿನಾ ಮುಂಜಾನೆ ಟೆರೇಸ್ ಮ್ಯಾಲೆ ಇಪ್ಪತ್ತು ಸುತ್ತು ಹಾಕ್ತಾರ. ಅವರ ಬಲಗಾಲು ಕುಡಗೋಲು ಬೀಸಿದಂಗ ಹೊರಗಿನಿಂದ ಬೀಸಿಕೊಂಡು ಮುಂದ ಬರ್ತದ, ಬೆರಳ ತುದಿ ನೆಲಕ್ಕ ತಿಕ್ತದ, ಕೈ ಎದಿಗೆ ಅಂಟಿಕೊಂಡಿರ್ತದ, ಇಡೀ ಮೈ ಎಡಕ್ಕ ವಾಲಿರ್ತದ. ಈಗ ಒಂದೂವರಿ ವರ್ಷ ಆತು, ಛಲೋ ಇದ್ದ ಎಡಗಾಲಿನ ಮೊಳಕಾಲ ಬಾತು ನೋಯ್ಲಿಕತ್ತದ. ಮನಿಯವರು ಇಪ್ಪತ್ತು ಸುತ್ತಿನ ಸುದ್ದಿ ಖುಷಿಲೆ ಹೇಳ್ತಾರ, ಮೊಳಕಾಲ ನೋವನ್ನ ಮಾತ್ರ ವಯಸ್ಸಿನ ಮ್ಯಾಲೆ ಹಾಕ್ತಾರ. ಒಂದ ಕಾಲು ಎರಡ ಕಾಲಿನ ಕೆಲಸ ಮಾಡಿದ್ರ ಇನ್ನೇನಾಗ್ತದ?

ನನಗನಿಸಿದ್ದನ್ನ ನೇರ ಹೇಳ್ತೇನಿ. ನೆಟ್ಟಗ ನಿಂದ್ರಲಿಕ್ಕೆ ಬರದವರನ್ನ ಸುತ್ತು ಹಾಕಸೂದು ಉಪಕಾರ ಅಲ್ಲ. ಮೂರ ಹೆಜ್ಜಿ ಆಗ್ಲಿ, ಅವು ನೆಟ್ಟಗ ಆಗ್ಲಿ. ಮತ್ತ ಆ ಮೂರ ಹೆಜ್ಜಿ ನೋಡ್ಲಿಕ್ಕೆ ಕಲಿತವರೊಬ್ಬರು ಬರ್ಬೇಕು, ಬರೇ ಮನಿ ಸೊಸಿ ಕೊಳ್ಳಿಗೆ ಕಟ್ಟಿ ಕೈ ತೊಳಕೊಳ್ಳಬಾರದು. ಇದನ್ನ ಹೇಳಿದ್ದಕ್ಕ ನಮ್ಮ ನಾದಿನಿ ಜೋಡಿ ಒಂದು ತಿಂಗಳು ಮಾತು ಕಡಿಮಿ ಆಗಿತ್ತು, ಆ ಸುದ್ದಿ ಆಮ್ಯಾಲೆ.

ನಮ್ಮ ಅತ್ತಿಯವರಿಗೆ ಎರಡು ವರ್ಷದ ಹಿಂದ ಶ್ರಾವಣದಾಗ ಎಡಭಾಗಕ್ಕ ಲಕ್ವಾ ಆತು. ಮೆದುಳಿನ ಬಲಗಡಿ ರಕ್ತನಾಳದಾಗ ಗಡ್ಡಿ ಕೂತಿತ್ತು. ಬಲ ಮೆದುಳಿಗೆ ಪೆಟ್ಟಾದ್ರ ಮೈಯ ಎಡಭಾಗ ಸೋಲ್ತದ, ಎಡ ಮೆದುಳಿಗಾದ್ರ ಬಲಭಾಗ. ಇಲ್ಲೊಂದು ಮಾತು ಹೇಳೇ ಬಿಡ್ತೇನಿ. ಬಾಯಿ ಸೊಟ್ಟ ಆತು, ಒಂದ ಕೈ ಜೋತು ಬಿತ್ತು, ಮಾತು ತೊದಲಿತು ಅಂದ್ರ ಎಣ್ಣಿ ತಿಕ್ಕಿಕೋತ, ಮಂತ್ರಿಸಿಕೋತ, ಪಾರಿವಾಳದ ರಕ್ತ ಹುಡುಕ್ಕೋತ ಕೂಡಬ್ಯಾಡ್ರಿ. 108ಕ್ಕ ಫೋನ್ ಹಚ್ರಿ. ಗಡ್ಡಿ ಕರಗಸೋ ಇಂಜೆಕ್ಷನ್ ಲಕ್ವಾ ಶುರು ಆದ ನಾಕೂವರಿ ತಾಸಿನೊಳಗ ಕೊಡ್ಬೇಕಾಗ್ತದ, ಅದೂ ತಲಿ ಸ್ಕ್ಯಾನ್ ಆಗಿ, ಒಳಗ ರಕ್ತ ಸೋರಿಲ್ಲ ಅಂತ ಗೊತ್ತಾದ ಮ್ಯಾಲೆ.

ದವಾಖಾನಿಯಿಂದ ಬಂದ ಮ್ಯಾಲೆ ಶುರು ಆಗೂದು ನಮ್ಮ ಹೆಣ್ಮಕ್ಕಳ ಪಾಲಿನ ಭಾಗ.

ಒಂದು ಸಂಗತಿ ಮೊದ್ಲ ತಿಳ್ಕೊಬೇಕು. ಲಕ್ವಾ ಆದವರು ವಾಲಿಕೊಂಡು ನಿಂದ್ರೂದು ಬರೇ ಕಾಲಿನ ಶಕ್ತಿ ಹೋದದ್ದಕ್ಕ ಅಲ್ಲ. ನಮ್ಮ ಅತ್ತಿಯವರಿಗೆ ಎಡಗಡಿ ಅನ್ನೂದ ಮರತು ಹೋಗಿತ್ತು. ತಾಟಿನ್ಯಾಗ ಎಡಕ್ಕ ಬಡಸಿದ್ದ ಉಪ್ಪು, ಚಟ್ನಿ, ಕೋಸಂಬರಿ ಹಂಗ ಉಳೀತಿದ್ವು. ನಮ್ಮ ಮೈದುನ, "ಅವ್ವಗ ಕೋಸಂಬರಿ ಸೇರವಲ್ದು, ಇನ್ನ ಮಾಡಬ್ಯಾಡ್ರಿ ವೈನಿ" ಅಂದಿದ್ದ. ತಾಟು ತಿರುಗಿಸಿ ಬಲಕ್ಕ ಮಾಡಿದ್ರ ಅದನ್ನ ತಿಂದ ಬಿಡ್ತಿದ್ರು! ಕಣ್ಣು ಛಲೋ ಇದ್ದವು, ಮೆದುಳು ಆ ಕಡಿ ಲಕ್ಷ್ಯ ಕೊಡ್ತಿದ್ದಿಲ್ಲ. ಇಂಥವರು ನಡಿಯೂಮುಂದ ಎಡ ಹೆಗಲು ಬಾಗಲ ಚೌಕಟ್ಟಿಗೆ ಬಡಕೋತಾರ. ಅವರನ್ನ ನಡಸವರು ಎಡಗಡಿನ ನಿಂತು, ಎಡಗಡಿಯಿಂದನ ಮಾತಾಡ್ಸಬೇಕು. ಆ ಕಡಿಗೂ ಒಂದು ಜಗತ್ತು ಅದ ಅಂತ ಮೆದುಳಿಗೆ ನೆನಪು ಮಾಡಿ ಕೊಡ್ಬೇಕಲ್ಲ.

ಇನ್ನೊಂದು ಇದಕ್ಕಿಂತ ವಿಚಿತ್ರ. ಮೊದಲ ಕೆಲವು ವಾರ ಅವರನ್ನ ಮಂಚದ ಅಂಚಿಗೆ ಕೂಡಿಸಿದ್ರ, ಗಟ್ಟಿ ಇದ್ದ ಬಲಗೈಲೆ ಹಾಸಿಗಿ ಒತ್ತಿ ಒತ್ತಿ ತಮ್ಮನ್ನ ತಾವ ಎಡಕ್ಕ ದಬ್ಬಕೋತಿದ್ರು. ನಾವು ನೆಟ್ಟಗ ಮಾಡ್ಲಿಕ್ಕೆ ಹೋದ್ರ, "ಬಿದ್ದೆ, ಬಿದ್ದೆ" ಅಂತ ಚೀರ್ತಿದ್ರು. ನೋಡ್ಲಿಕ್ಕೆ ಬಂದವರು ಇದನ್ನ ಹಟ ಅಂದ್ರು, ಮುದುಕರ ಹಟ ಕೂಸಿನ ಹಟಕ್ಕಿಂತ ಹೆಚ್ಚು ಅಂದ್ರು. ಹಟ ಅಲ್ರಿ ಅದು. ನೆಟ್ಟಗ ಅಂದ್ರ ಯಾವುದು ಅನ್ನೋ ಮೈಯ ಅಂದಾಜ ಒಳಗ ವಾಲಿರ್ತದ. ಅವರಿಗೆ ಸೊಟ್ಟ ಕೂತಾಗ ನೆಟ್ಟಗ ಅನಸ್ತದ, ನೆಟ್ಟಗ ಮಾಡಿದ್ರ ಬೀಳೂ ಹಂಗ ಅನಸ್ತದ. ಪ್ಯಾಟ್ರಿಷಿಯಾ ಡೇವಿಸ್ ಅನ್ನೋ ಫಿಜಿಯೋಥೆರಪಿಸ್ಟ್ 1985ರಾಗನ ಇದನ್ನ ಪುಸ್ತಕದಾಗ ವಿವರಿಸ್ಯಾರ. ಭಾಳ ಮಂದಿಗೆ ಕೆಲವು ತಿಂಗಳೊಳಗ ಹೋಗ್ತದ. ಆದ್ರ ಇಂಥವರನ್ನ ಕೈಲೆ ಎಳದು ನೆಟ್ಟಗ ಮಾಡಿದ್ರ ಮತ್ತಷ್ಟು ಜೋರಲೆ ದಬ್ತಾರ. ಕಣ್ಣಿಗೆ ನೆಟ್ಟಗಿನ ಗೆರಿ ತೋರಿಸಬೇಕು. ಬಾಗಲ ಚೌಕಟ್ಟು, ಕಿಟಕಿ ಸರಳು, ಕಂಬ. "ಅತ್ತಿ, ಆ ಚೌಕಟ್ಟು ನೋಡ್ರಿ, ಅದು ನೆಟ್ಟಗ ಅದ ಏನು? ಹಂಗಾದ್ರ ನೀವು?" ಅಂತ ಕೇಳ್ಬೇಕು. ಮೈ ಸುಳ್ಳು ಹೇಳಿದ್ರೂ ಕಣ್ಣು ಖರೆ ಹೇಳ್ತದ. ತಾವ ತಿಳಕೊಂಡು ಬಲಕ್ಕ ಸರದ್ರ ಅದು ಉಳೀತದ.

ನಮ್ಮನಿಗೆ ಬರ್ತಿದ್ದ ಫಿಜಿಯೋಥೆರಪಿ ಹುಡುಗಿಗೆ ಇನ್ನೂ ಮೂವತ್ತು ದಾಟಿದ್ದಿಲ್ಲ. ಮೊದಲ ಹತ್ತು ದಿನ ಒಂದ ಹೆಜ್ಜಿನೂ ಹಾಕಸಲಿಲ್ಲ. ಬರೇ ಕೂಡೂದು, ಏಳೂದು. ಬೆನ್ನಿಗೆ ಆಸರಿ ಇಲ್ಲದ ಕುರ್ಚಿ ಮ್ಯಾಲೆ ಎರಡೂ ಅಂಗಾಲು ನೆಲಕ್ಕ ಊರಿಸಿ, ಬಲಕ್ಕ ಇಟ್ಟ ವಾಟಗ ತೊಗೊಂಡು ಎಡಕ್ಕ ಇಡೂದು, ಎಡಕ್ಕಿಂದ ಬಲಕ್ಕ. ನಮ್ಮ ನಾದಿನಿಗೆ ಪುಣೆಯಿಂದ ದಿನಾ ಸಂಜಿಮುಂದ ಫೋನ್. "ಇವತ್ತೆಷ್ಟು ಸುತ್ತಾತು?" ನಾನು, "ಸುತ್ತಿಲ್ಲ, ವಾಟಗ ಎತ್ತಿಟ್ರು" ಅಂದ್ರ ಆಕಿಗೆ ಸಿಟ್ಟು. ಅಷ್ಟು ರೊಕ್ಕ ಕೊಟ್ಟು ವಾಟಗ ಎತ್ತಿಡೂದೇನು, ಅವರ ಅತ್ತಿಯ ಅಕ್ಕನ ಮನ್ಯಾಗ ಹತ್ತ ದಿನದಾಗ ನಡಸ್ಯಾರ, ನಿಮಗ ಬ್ಯಾಸರಾಗಿರಬೇಕು ಅಂತ ಅಂದ್ಲು. ಬ್ಯಾಸರ ಅನ್ನೋ ಮಾತು ನನಗ ಹತ್ತಿತು. ತವರಿನವರಿಗೆ ಸುತ್ತಿನ ಲೆಕ್ಕ ಫೋನಿನ್ಯಾಗ ಕೇಳ್ತದ, ನೆಟ್ಟಗ ನಿಂತದ್ದು ಫೋನಿನ್ಯಾಗ ಕಾಣೂದಿಲ್ಲ ನೋಡ್ರಿ.

ಅವಸರ ಮಾಡವರಿಗೆ ಒಂದು ಮಾತು. ನನ್ನ ಮಗಳು ಇಂಟರ್ನೆಟ್ಟಿನ್ಯಾಗ ಹುಡುಕಿ ಓದಿ ಹೇಳಿದ್ದು. ಅವರ್ಟ್ ಅನ್ನೋ ಅಧ್ಯಯನ 2015ರಾಗ ಲ್ಯಾನ್ಸೆಟ್ ಪತ್ರಿಕೆಯೊಳಗ ಬಂತು, ಐದು ದೇಶದ 56 ದವಾಖಾನಿ, 2104 ರೋಗಿಗಳು. ಲಕ್ವಾ ಆಗಿ 24 ತಾಸಿನೊಳಗನ ಮತ್ತ ಮತ್ತ ಎಬ್ಬಿಸಿ, ಜಾಸ್ತಿ ಜಾಸ್ತಿ ವ್ಯಾಯಾಮ ಮಾಡಿಸಿದವರಲ್ಲಿ ಮೂರು ತಿಂಗಳಿಗೆ ಸುಧಾರಣೆ ಹೆಚ್ಚಾಗೂದು ದೂರ ಉಳೀತು, ಎಂದಿನಂಗ ನೋಡಿಕೊಂಡವರಿಗಿಂತ ಕಡಿಮಿನ ಆತು. ಹಂಗಂತ ಮಲಗಿಸಿ ಇಡ್ರಿ ಅಂತಲ್ಲ. ಮಲಗಿದಷ್ಟೂ ಬೆನ್ನ ಹುಣ್ಣು, ಎದಿಯೊಳಗ ಕಫ, ಕಾಲಿನ ನರದಾಗ ರಕ್ತ ಹೆಪ್ಪುಗಟ್ಟೂದು ಎಲ್ಲಾ ಬರ್ತಾವ. ದಿನಾ ಎಬ್ಬಿಸಬೇಕು, ಆದ್ರ ಯಾವಾಗ, ಎಷ್ಟು ಅನ್ನೂದನ್ನ ಡಾಕ್ಟರು ಮತ್ತ ಫಿಜಿಯೋಥೆರಪಿಯವರು ಹೇಳ್ಬೇಕು, ಪುಣೆ ಫೋನಲ್ಲ.

ಈಗ ನಿಂದ್ರೂ ವಿಷಯ. ಕುರ್ಚಿಯಿಂದ ಏಳೂಮುಂದ ಲಕ್ವಾ ಆದವರು ಗಟ್ಟಿ ಕಾಲು ಹಿಂದ ಎಳಕೊಂಡು ಅದರ ಮ್ಯಾಲೆನ ಏಳ್ತಾರ, ಸೋತ ಕಾಲು ಮುಂದ ಆರಾಮಾಗಿ ಚಾಚಿಕೊಂಡಿರ್ತದ, ಜಾತ್ರಿ ನೋಡ್ಲಿಕ್ಕೆ ಬಂದ ಬೀಗರಂಗ. ಹಂಗ ಬಿಡಬಾರದು. ಸೋತ ಕಾಲಿನ ಪಾದ ತುಸು ಹಿಂದ ಇಟ್ಟು ಎಬ್ಬಿಸಿದ್ರ ಅದರ ಮ್ಯಾಲೂ ಭಾರ ಬೀಳ್ತದ. ಮೂಗು ಮೊಳಕಾಲಿನ ಮುಂದ ಬರೂ ಹಂಗ ಬಾಗಿ ಏಳಬೇಕು. ಎದ್ದು ನಿಂತ ಮ್ಯಾಲೆ ಭಾರವನ್ನ ನಿಧಾನ ಎಡಕ್ಕ, ನಿಧಾನ ಬಲಕ್ಕ. ನಮ್ಮ ಹುಡುಗಿ ಎರಡು ಬಾತ್‌ರೂಮ್ ತೂಕದ ಯಂತ್ರ ತಂದು ಒಂದೊಂದು ಕಾಲು ಒಂದೊಂದರ ಮ್ಯಾಲೆ ಇಡಿಸಿದ್ಲು. ಅತ್ತಿಯವರದು 54 ಕೆಜಿ ತೂಕ. ಬಲಗಾಲಿನ ಯಂತ್ರ 41 ತೋರಿಸಿತು, ಎಡಗಾಲಿನದು 13. ನಮ್ಮನಿಯವರು ಬ್ಯಾಂಕಿನ್ಯಾಗ ಇದ್ದವರು, ಲೆಕ್ಕ ನೋಡಿದ ಮ್ಯಾಲೆ ಅವರಿಗೆ ಮೊದಲ ಸಲ ಈ ವಿಷಯ ತಲಿಗೆ ಹೋತು. ಅಲ್ಲಿಗೆ ಬರೂತನಕ ನಾ ಹೇಳಿದ್ದೆಲ್ಲಾ ಹೆಂಗಸರ ಮಾತಾಗಿತ್ತು.

ನಿಂದ್ರೂದನ್ನ ಕಲಸ್ಲಿಕ್ಕೆ ಆಕಿ ಎಷ್ಟೋ ಹೇಳಿದ್ಲು. ಎದಿ ಮುಂದ ಮಾಡ್ರಿ, ಹೆಗಲು ಹಿಂದ ಮಾಡ್ರಿ, ಹೊಟ್ಟಿ ಒಳಗ. ಅತ್ತಿಯವರಿಗೆ ಒಂದೂ ತಿಳೀವಲ್ದು. ಒಂದಿನ ಆಕಿ, "ಅಜ್ಜಿ, ನೀವು ಸಣ್ಣಾಕಿ ಇದ್ದಾಗ ನೀರು ಹೆಂಗ ತರ್ತಿದ್ರಿ?" ಅಂತ ಕೇಳಿದ್ಲು. ಅತ್ತಿಯವರ ತವರೂರು ನವಲಗುಂದದ ಕಡಿ. ಆ ಕಡಿ ಎರಿಭೂಮಿ, ಬಾವಿ ನೀರು ಸವಳು, ಕುಡಿಯೂ ನೀರು ಊರ ಕೆರಿಯಿಂದ ತಲಿ ಮ್ಯಾಲೆ ಹೊತ್ತ ತರೂದು. "ಸಿಂಬಿ ಇಟ್ಟು ತಲಿ ಮ್ಯಾಲೆ ಕೊಡ, ಟೊಂಕದಾಗ ಇನ್ನೊಂದು" ಅಂದ್ರು. "ಟೊಂಕದ್ದು ಇಳಸ್ರಿ, ತಲಿ ಮ್ಯಾಲಿನ ಕೊಡ ಅಷ್ಟ ಇರ್ಲಿ, ನೀರು ತುಳಕಬಾರದು" ಅಂದ್ಲು ಈ ಹುಡುಗಿ. ಅತ್ತಿಯವರ ಕುತ್ತಿಗಿ ಮ್ಯಾಲಾತು, ಬೆನ್ನು ನೆಟ್ಟಗಾತು, ವಾಲಿದ್ದ ಟೊಂಕ ನಡುವ ಬಂತು. ಕಾಲಿನ ಯಂತ್ರ 32 ಮತ್ತ 22. ಎಂಬತ್ತರ ಹತ್ತರ ಬಂದವರ ಮೈಗೆ ಹತ್ತು ವರ್ಷದ ಹುಡುಗಿಯ ಕೊಡ ನೆನಪಿತ್ತು. ಅವತ್ತಿನಿಂದ ನಮ್ಮನ್ಯಾಗ "ಕೊಡ" ಅಂದ್ರ ಸಾಕು, ಮೊಮ್ಮಗನೂ ಕೂಗ್ತಾನ, "ಅಜ್ಜಿ, ಕೊಡ!"

ಕನ್ನಡಿ ಕೆಲಸಾನೂ ಹಿಂಗ. ಗೋದ್ರೇಜ್ ಕಪಾಟಿನ ಕನ್ನಡಿ ನಡುವ ಮ್ಯಾಲಿಂದ ಕೆಳಗಿನತನಕ ಸಾಲಾಗಿ ಟಿಕಳಿ ಹಚ್ಚಿದೆ, ನೂಲು ಇಳಿಬಿಟ್ಟು ನೋಡಿ ನೆಟ್ಟಗ. ಅತ್ತಿಯವರ ಹಣಿಗೊಂದು ಕುಂಕುಮ ಇದ್ದೇ ಇತ್ತು, ಎದಿ ಮ್ಯಾಲೆ ಸೆರಗಿಗೊಂದು ಟಿಕಳಿ. ಎರಡೂ ಕನ್ನಡಿ ಸಾಲಿನ ಮ್ಯಾಲೆ ಬರ್ಬೇಕು. ಐದು ರೂಪಾಯಿ ಟಿಕಳಿ ಪಾಕೀಟು ಮಾಡಿದ್ದು ದೊಡ್ಡ ಕೆಲಸ. ಎಲ್ಲಾರಿಗೂ ಕನ್ನಡಿ ಸರಿ ಹೋಗ್ತದಂತಿಲ್ಲ, ಕೆಲವರಿಗೆ ಎಡ ಬಲ ಅದಲಿ ಬದಲಿ ಆಗಿ ಗಲಿಬಿಲಿ ಆಗ್ತದ. ಅವರಿಗೆ ಚೌಕಟ್ಟ ಛಲೋ.

ನಡಿಗಿಗೆ ಬಂದಾಗ ನಮ್ಮ ಅಡಿಗಿ ಮನಿ ಕಟ್ಟಿಯಷ್ಟು ಉಪಯೋಗದ ಸಾಮಾನು ಯಾವ ದವಾಖಾನ್ಯಾಗೂ ಇರ್ಲಿಕ್ಕಿಲ್ಲ. ಟೊಂಕದೆತ್ತರ, ಗಟ್ಟಿ, ಉದ್ದಕ್ಕ ಎಂಟು ಹತ್ತು ಫೂಟು. ಎರಡೂ ಕೈ ಕಟ್ಟಿ ಮ್ಯಾಲಿಟ್ಟು ಏಡಿ ನಡದಂಗ ಅಡ್ಡ ನಡಿಯೂದು. ಸೋತ ಕಡಿಗೆ ಸರಿಯೂಮುಂದ ಟೊಂಕದ ಪಕ್ಕದ ಸ್ನಾಯು ಕೆಲಸ ಮಾಡ್ತದ. ಆ ಸ್ನಾಯು ಸೋತದ್ದಕ್ಕನ ನಡಿಯೂಮುಂದ ಟೊಂಕ ಒಂದ ಕಡಿ ಧೊಪ್ಪಂತ ಇಳೀತದ. ಅಡ್ಡ ನಡಿಗಿ ಆದ ಮ್ಯಾಲೆ ಹಿಂದಕ್ಕ ನಡಿಯೂದು, ಕಟ್ಟಿ ಹಿಡಕೊಂಡು ನಾಕ ಹೆಜ್ಜಿ. ಹಿಂದಕ್ಕ ಹೋಗೂಮುಂದ ಕಾಲು ಕುಡಗೋಲಿನಂಗ ಬೀಸ್ಲಿಕ್ಕೆ ಬರೂದಿಲ್ಲ, ಮೊಳಕಾಲು ಮಡಚಲೇಬೇಕು. ಹಿಂಬದಿ ಮಾತ್ರ ಒಬ್ಬರು ನಿಂದ್ರಬೇಕು, ಗ್ಯಾಸ್ ಒಲಿ ಆರಿಸಿರಬೇಕು, ಕಟ್ಟಿ ಮ್ಯಾಲೆ ಬಿಸಿ ಹಾಲು ಇಡಬಾರದು.

ಮುಂದಕ್ಕ ನಡಿಯೂಮುಂದ ಹಿಮ್ಮಡ ಮೊದ್ಲ ಊರಬೇಕು, ಆಮ್ಯಾಲೆ ಬೆರಳು. ಪಾದ ಜೋತು ಬೀಳವರಿಗೆ ಪಾದಾ ಎತ್ತಿ ಹಿಡಿಯೋ ಎಎಫ್‌ಓ ಅನ್ನೋ ಪ್ಲಾಸ್ಟಿಕ್ ಪಟ್ಟಾ ಕೊಡ್ತಾರ. ನಾಚಿಕಿ ಪಡಬ್ಯಾಡ್ರಿ, ಚಸ್ಮಾ ಹಾಕ್ಕೊಳ್ಳಿಕ್ಕೆ ನಾಚ್ತೇವೇನು? ಪಡಸಾಲಿ ಟೈಲ್ಸಿನ ಗೆರಿ ಹೆಜ್ಜಿ ಅಳತಿಗೆ ಬರ್ತದ, ಎರಡೂ ಹೆಜ್ಜಿ ಸಮ ಬೀಳಬೇಕು. ನೆಲಕ್ಕ ಅಡ್ಡ ಇಟ್ಟ ಮೆತ್ತನ ಟವೆಲ್ ಸುರುಳಿ ದಾಟೂದು ಬಂದ ಮ್ಯಾಲೆ ಹೊಸ್ತಿಲು. ಲಟ್ಟಣಗಿ ಗಿಟ್ಟಣಗಿ ಇಡಬ್ಯಾಡ್ರಿ, ಉರುಳ್ತದ. ಹೆಜ್ಜಿಗೆ ಚಪ್ಪಾಳಿ ತಾಳ ಹಾಕಿದ್ರ ಹೆಜ್ಜಿ ಸಮ ಬರ್ತಾವ ಅಂತ ಫಿಜಿಯೋಥೆರಪಿಯವರು ಹೇಳ್ತಾರ, ನಮ್ಮಲ್ಲೂ ಹಂಗ ಆತು. ಭಜನಿ ಮಂಡಳಿಯೊಳಗ ನಲವತ್ತು ವರ್ಷ ತಾಳ ಹಿಡದವರು ಅವರು, ಲಯ ಕಾಲಿಗೆ ಇಳೀಲಿಕ್ಕೆ ತಡಾ ಆಗಲಿಲ್ಲ.

ನಡಿಯೂಮುಂದ ಮಾತಾಡ್ಸಬ್ಯಾಡ್ರಿ. ಇದು ಬಂದ ಹೋದವರಿಗೆಲ್ಲಾ ನನ್ನ ಕೈ ಮುಗದ ವಿನಂತಿ. ಅವರ ಪೂರ್ತಿ ಲಕ್ಷ್ಯ ಕಾಲಿನ್ಯಾಗ ಇರ್ತದ. ಅಷ್ಟರಾಗ "ಅಜ್ಜಿ, ಊಟ ಆತೇನ್ರಿ, ನಾ ಯಾರು ಗುರ್ತು ಹಿಡೀರಿ ನೋಡೋಣ" ಅಂತ ಬಾಗಲದಾಗ ನಿಂತು ಕೂಗಿದ್ರ ಕಾಲು ನಿಂದ್ರತದ, ಮೈ ವಾಲ್ತದ. ಚೇತರಿಸಿಕೊಂಡ ಮ್ಯಾಲೆ ಬೇಕಂತನ ಮಾತಾಡ್ಸಿಕೋತ ನಡಸೂ ಹಂತ ಬರ್ತದ, ಕಾಯಿಪಲ್ಯಾದ ಹೆಸರು ಹೇಳಿಕೋತ ನಡಿಯೂದು ಹಂಗ. ಅದು ಆಮ್ಯಾಲಿಂದು.

ಈಗ ನನಗ ಭಾಳ ಸಿಟ್ಟು ಬರೂ ಮಾತು. ಕೈ ಹಿಡದು ಎಳಿಯೂದು. ಸೋತ ರಟ್ಟಿ ಹಿಡದು ಎಬ್ಬಿಸೂದು, ಬಗಲಾಗ ಕೈ ಹಾಕಿ ಎತ್ತೂದು. ಲಕ್ವಾ ಆದವರ ಭುಜದ ಕೀಲು ಹಿಡದಿಡೋ ಸ್ನಾಯುಗಳು ಸಡಿಲ ಆಗಿರ್ತಾವ, ಕೈಯ ಭಾರಕ್ಕನ ಕೀಲು ಕೆಳಗ ಜಾರಿರ್ತದ. ಅದನ್ನ ಎಳದ್ರ ನೋವು ಶುರು ಆಗ್ತದ, ನೋವಾದ್ರ ಕೈ ಎದಿಗೆ ಬಿಗಿ ಹಿಡೀತಾರ, ಕೈ ಬಿಗಿ ಆದ್ರ ಮೈ ಆ ಕಡಿ ತಿರಗ್ತದ, ಹಂಗಾದ ಮ್ಯಾಲೆ ಎಂಥಾ ನೆಟ್ಟಗಿನ ನಡಿಗಿ? ನಾವು ಒಂದು ಏಜೆನ್ಸಿಯಿಂದ ಇಟ್ಟುಕೊಂಡಿದ್ದ ಆಯಾ ಮೂರ ದಿನದಾಗ ಅತ್ತಿಯವರ ಭುಜ ನೋಯಿಸಿ ಹೋದ್ಲು, ಅದು ಕಡಿಮಿ ಆಗ್ಲಿಕ್ಕೆ ಮೂರ ತಿಂಗಳು ಬೇಕಾತು. ಆಕಿಗೆ ಯಾರೂ ಕಲಿಸಿದ್ದಿಲ್ಲ, ಆಕಿಗೆ ಬೈದೇನು? ಬಿಲ್ಲಿನ್ಯಾಗ ಮಾತ್ರ "ತರಬೇತಿ ಹೊಂದಿದ" ಅಂತ ಬರದಿತ್ತು.

ಹಿಡಿಯೂ ರೀತಿ ಹಿಂಗ. ಸೋತ ಕಡಿ, ತುಸು ಹಿಂದ ನಿಂದ್ರಬೇಕು. ನಮ್ಮ ಮಾವನವರ ಹಳೀ ಧೋತರ ಉದ್ದಕ್ಕ ಮಡಚಿ ಪಟ್ಟಿ ಮಾಡಿ ಅತ್ತಿಯವರ ಟೊಂಕಕ್ಕ ಗಟ್ಟಿ ಕಟ್ಟಿದ್ವಿ, ಫಿಜಿಯೋಥೆರಪಿ ಹುಡುಗಿನ ಹೇಳಿಕೊಟ್ಟದ್ದು. ಹಿಂದ ಆ ಪಟ್ಟಿ ಹಿಡಕೊಂಡ್ರ ಸಾಕು, ಬೀಳೂ ಹಂಗಾದ್ರ ಅದನ್ನ ಹಿಡದು ನಿಧಾನ ಕುರ್ಚಿಗೆ ಕೂಡಸಬಹುದು. ಕುರ್ಚಿ ಯಾವಾಗಲೂ ಹತ್ತರ ಇರಬೇಕು. ಉಸಿರು ಹತ್ತಿತು, ಎದಿ ನೋವಂದ್ರು, ತಲಿ ತಿರಗ್ತದಂದ್ರು ಅಂದ್ರ ಅಲ್ಲಿಗೇ ಬಂದ್.

ಸೀರಿ ಜಗಳ ಒಂದು ನಡೀತು. ಒಂಬತ್ತು ಗಜದ ಸೀರಿ ಉಟ್ಟು ಜೀವನ ಕಳದವರು ಗೌನ್ ಹಾಕ್ಕೊ ಅಂದ್ರ ಒಪ್ತಾರೇನು? ಜೋತು ಬಿದ್ದ ಪಾದಕ್ಕ ನೀರಗಿ ಸಿಗ್ತದ, ಮುಗ್ಗರಸ್ತಾರ. ಕಡಿಕೆ ಎತ್ತರಸಿ ಕಚ್ಚಿ ಹಾಕಿ ಉಡಿಸಿದ್ವಿ, ಕಾಲೂ ಕಾಣ್ತಿತ್ತು, ಅವರ ಮರ್ಯಾದಿನೂ ಉಳೀತು. ಹವಾಯಿ ಚಪ್ಪಲ್ ಮಾತ್ರ ಕಸದಾಗ ಹೋತು. ಹಿಮ್ಮಡಿಗೆ ಪಟ್ಟಿ ಇರೋ ಚಪ್ಪಲಿನ ಬೇಕು.

ಈಗ ನಾ ಮೊದ್ಲ ಹೇಳಿದ ಎರಡನೇ ಮಾತಿಗೆ ಬರ್ತೇನಿ, ಯಾರು ನಡಸಬೇಕು ಅನ್ನೂದಕ್ಕ.

ದವಾಖಾನಿಯಿಂದ ಬಿಡೂಮುಂದ, "ಮನ್ಯಾಗ ಮಾಡಸ್ಕೋತ ಇರ್ರಿ" ಅಂತ ಒಂದು ಚೀಟಿ ಕೊಟ್ಟು ಕಳಸ್ತಾರ. ಮನ್ಯಾಗ ಅಂದ್ರ ಯಾರು? ಮಗ ಆಫೀಸಿಗೆ, ಮಗಳು ತನ್ನ ಸಂಸಾರಕ್ಕ, ಉಳದವಳು ಸೊಸಿ ಇಲ್ಲಾ ಹೆಂಡ್ತಿ. ಆಕಿಗೂ ಐವತ್ತೈದು, ಆಕಿದೂ ಟೊಂಕ ನೋವು. ನಮ್ಮ ಭಾರತದಾಗನ ಇದರ ಮ್ಯಾಲೆ ಒಂದು ದೊಡ್ಡ ಅಧ್ಯಯನ ಆಗ್ಯದ, ಅಟೆಂಡ್ ಅಂತ ಹೆಸರು, 2017ರಾಗ ಲ್ಯಾನ್ಸೆಟ್ ಪತ್ರಿಕೆಯೊಳಗ ಬಂತು. 14 ದವಾಖಾನಿ, 1250 ರೋಗಿಗಳು. ಒಂದು ಗುಂಪಿನ ಮನಿಯವರಿಗೆ ವ್ಯಾಯಾಮ ಮಾಡಸೂದನ್ನ ಕಲಿಸಿ ಕಳಿಸಿದ್ರು, ಇನ್ನೊಂದು ಗುಂಪಿಗೆ ಎಂದಿನ ಆರೈಕೆ. ಆರು ತಿಂಗಳಿಗೆ ನೋಡಿದ್ರ ಸತ್ತವರು ಮತ್ತ ಇನ್ನೊಬ್ಬರ ಮ್ಯಾಲೆ ಅವಲಂಬಿಸಿ ಉಳದವರು ಸೇರಿ ಎರಡೂ ಗುಂಪಿನ್ಯಾಗ ಶೇ. 47. ಏನೂ ಫರಕ ಇಲ್ಲ. ಅಂದ್ರ ಸೊಸಿಗೆ ಕಲಿಸಿಬಿಟ್ರ ಆತು ಅನ್ನೋ ಮಾತು ಸಾಬೀತಾಗಲಿಲ್ಲ. ಮನಿಯವರ ಪ್ರೀತಿ ದಂಡ ಅಂತ ಇದರರ್ಥ ಅಲ್ಲ. ಔಷಧ ನುಂಗಸೂದು, ಮೈ ಒರಸೂದು, ಧೈರ್ಯ ಹೇಳೂದು ಮನಿಯವರ ಮಾಡ್ಬೇಕು, ಕಲಿಸಿದ್ದನ್ನ ದಿನಾ ತಪ್ಪದ ಮಾಡಸಲೂ ಬೇಕು. ಆದ್ರ ಅದು ಕಲಿತವರ ಕಣ್ಣಿಗೆ ಬದಲಿ ಆಗೂದಿಲ್ಲ. ಮೊಳಕಾಲು ಹಿಂದಕ್ಕ ಬಾಗ್ಲಿಕತ್ತದ ಅನ್ನೂದು ನನಗ ಕಾಣ್ತಿದ್ದಿಲ್ಲ, ಆ ಹುಡುಗಿಗೆ ಬಾಗಲದಾಗ ಚಪ್ಪಲ್ ಬಿಡೂದ್ರಾಗ ಕಾಣ್ತಿತ್ತು.

ಇನ್ನೊಂದು ಕಡಿ ದೊಡ್ಡ ದೊಡ್ಡ ಯಂತ್ರದ ಜಾಹೀರಾತು. ನಮ್ಮ ಮೈದುನ ಒಂದು ಕೇಂದ್ರದ ವಿಡಿಯೋ ಕಳಿಸಿದ್ದ, ಮೈಯನ್ನ ಮ್ಯಾಲಿಂದ ಬೆಲ್ಟಿಗೆ ಕಟ್ಟಿ ಟ್ರೆಡ್‌ಮಿಲ್ ಮ್ಯಾಲೆ ನಡಸೂದು. ರೊಕ್ಕ ಕೇಳಿದ್ರ ತಲಿ ತಿರಗ್ತದ. ಇದರದ್ದೂ ಉತ್ತರ ಅದ. ಅಮೆರಿಕಾದಾಗ 408 ಮಂದಿ ಮ್ಯಾಲೆ ಲೀಪ್ಸ್ ಅನ್ನೋ ಅಧ್ಯಯನ ಮಾಡ್ಯಾರ, 2011ರಾಗ ಪ್ರಕಟ ಆತು. ಕೆಲವರಿಗೆ ಹಿಂಗ ಟ್ರೆಡ್‌ಮಿಲ್ ನಡಿಗಿ, ಕೆಲವರಿಗೆ ಫಿಜಿಯೋಥೆರಪಿಯವರು ಮನಿಗೇ ಹೋಗಿ ಬಲ ಮತ್ತ ಸಮತೋಲನದ ವ್ಯಾಯಾಮ. ವರ್ಷದ ಕೊನಿಗೆ ಎರಡೂ ಕಡಿ ಸುಧಾರಣೆ ಸಮ ಸಮ. ಒಟ್ಟು ಶೇ. 52 ಮಂದಿಯ ನಡಿಗಿ ಒಂದು ಮಟ್ಟ ಮ್ಯಾಲೇರಿತ್ತು. ಹಂಗಾದ್ರ ಯಂತ್ರಕ್ಕ ಸಾಲ ಮಾಡೂದಕ್ಕಿಂತ ಅದೇ ರೊಕ್ಕದಾಗ ವಾರಕ್ಕ ಎರಡು ಸಲ ಮನಿಗೆ ಬರೂ ಫಿಜಿಯೋಥೆರಪಿಯವರನ್ನ ಇನ್ನೂ ಆರು ತಿಂಗಳು ಹೆಚ್ಚಿಗಿ ಇಟ್ಕೊಳ್ಳೂದು ಮೇಲು ಅಂತ ನನ್ನ ಲೆಕ್ಕ. ಅಷ್ಟೂ ಆಗದವರು ಜಿಲ್ಲಾ ದವಾಖಾನಿಯ ಫಿಜಿಯೋಥೆರಪಿ ವಿಭಾಗಕ್ಕ ಹೋಗ್ರಿ, ವಾರಕ್ಕೊಂದು ಸಲ ಆದ್ರೂ ಸೊಟ್ಟ ಆಗಿದ್ದನ್ನ ನೋಡಿ ತಿದ್ತಾರ.

ಮೊದಲ ಮೂರು ತಿಂಗಳಾಗ ಸುಧಾರಣೆ ಜೋರಿರ್ತದ, ಆಮ್ಯಾಲೆ ನಿಧಾನ ಆಗ್ತದ, ಆದ್ರ ಪೂರ್ತಿ ನಿಂದ್ರೂದಿಲ್ಲ. ಆರು ತಿಂಗಳಾತು, ಇನ್ನ ಫಿಜಿಯೋಥೆರಪಿ ಬಿಡಿಸೋಣ ಅಂತ ನಮ್ಮನ್ಯಾಗ ಮಾತು ಬಂದಾಗ ನಾ ಒಪ್ಪಲಿಲ್ಲ. "ಎಪ್ಪತ್ತೆಂಟಾತು, ಇನ್ನ ಅವ್ವ ಎಲ್ಲಿ ಹೋಗ್ಬೇಕಾಗ್ಯದ?" ಅಂತ ಕೇಳಿದ್ರು ಮಕ್ಕಳು. ಎಲ್ಲಿಗಂದ್ರ ಬಚ್ಚಲಕ್ಕ. ರಾತ್ರಿ ಮೂರಕ್ಕ ಸೊಸಿಯನ್ನ ಎಬ್ಬಸದ ತಾವ ಹೋಗಿ ಬರೂದು. ಅಷ್ಟು ಸ್ವಾತಂತ್ರ್ಯಕ್ಕ ನೆಟ್ಟಗ ನಿಂದ್ರೂದು ಬೇಕ ಬೇಕು. ವಾಲಿಕೊಂಡು ಹೋದವರು ಬಚ್ಚಲದಾಗ ಬಿದ್ದು ತೊಡಿ ಎಲುವು ಮುರಕೊಂಡ್ರ ಆಗ ಯಾರು ಫೋನ್ ಮಾಡಿ ಸುತ್ತು ಕೇಳ್ತಾರ?

ಮತ್ತ ಒಂದು ಕಂಡದ್ದನ್ನ ಹೇಳ್ತೇನಿ, ಕೆಲವರಿಗೆ ಸಿಟ್ಟು ಬಂದ್ರೂ ಬರ್ಲಿ. ನಮ್ಮ ಓಣಿ ಐದು ಮನ್ಯಾಗ ಮೂವರು ಗಂಡಸರು, ಇಬ್ಬರು ಹೆಣ್ಮಕ್ಕಳು. ಮೂವರು ಗಂಡಸರಿಗೂ ಹೆಂಡ್ತಿ ಕೋಲು ಹಿಡದು ಹಿಂದ ಹಿಂದ ನಡಸ್ತಾಳ. ಇನ್ನೊಬ್ಬ ವೈನಿ ಅದಾರ, ಐವತ್ತೆಂಟು ವಯಸ್ಸು. ಅವರನ್ನ ನಡಸವರು ಯಾರೂ ಇಲ್ಲ. ಕೈ ಬರ್ಲಿಕತ್ತಂಗ ಕುರ್ಚಿ ಮ್ಯಾಲೆ ಕೂಡಿಸಿ ಮುಂದ ಬೀನ್ಸ್ ಹೆರಚ್ಲಿಕ್ಕೆ ಇಟ್ರು. ದಿನಕ್ಕ ಆರು ತಾಸು ಒಂದ ಕಡಿ ವಾಲಿ ಕೂತು ಅವರ ಮೈ ಹಂಗ ಕಟ್ಟಿಕೊಂಡದ. ಗಂಡ ಒಳ್ಳೇವರ, ಔಷಧ ತಪ್ಪಸೂದಿಲ್ಲ. "ಆಕಿ ಆರಾಮ ಕೂತಿರ್ತಾಳ" ಅಂತಾರ. ಅವರ ಹತ್ತರ ಹೋಗಿ ಟೊಂಕಕ್ಕ ಪಟ್ಟಿ ಕಟ್ಟಿ, ಕಟ್ಟಿ ಹಿಡಿಸಿ ನಿಂದ್ರಸ್ರಿ ಅಂದ್ರ ಅದು ಗಂಡಸರಿಗೆ ಬರೂ ಕೆಲಸ ಅಲ್ಲ ಅಂದ್ರು. ಯಾಕ ಬರೂದಿಲ್ಲ? ಕಾರು ನಡಸ್ಲಿಕ್ಕೆ ಬರ್ತದ, ಹೆಂಡ್ತಿ ನಡಸ್ಲಿಕ್ಕೆ ಬರೂದಿಲ್ಲೇನು?

ನಮ್ಮನ್ಯಾಗ ಈಗ ಪಾಳಿ ಮಾಡೇವಿ. ಮುಂಜಾನೆ ನಮ್ಮನಿಯವರು, ಸಂಜಿಮುಂದ ಮೈದುನ ಅಂಗಡಿಯಿಂದ ಬಂದ ಮ್ಯಾಲೆ, ಮಧ್ಯಾಹ್ನ ಕೂಡೂದು ಏಳೂದು ನಂದು. ನಾದಿನಿ ದೀಪಾವಳಿಗೆ ಬಂದಾಗ ಎಂಟು ದಿನ ಆಕಿದ ಪಾಳಿ. ಮೂರನೇ ದಿನ ಆಕಿನ ಅಂದ್ಲು, "ವೈನಿ, ಒಂದ ಸುತ್ತು ನೆಟ್ಟಗ ಹಾಕಸ್ಲಿಕ್ಕೆ ಅರ್ಧ ತಾಸು ಬೇಕಲ್ರಿ!" ನಾ ಸುಮ್ಮನ ಚಹಾ ಸೋಸಿದೆ. ಈಗ ಫೋನಿನ್ಯಾಗ, "ಕೊಡ ತುಳಕಿತೇನು?" ಅಂತ ಕೇಳ್ತಾಳ.

ಕೋಲಿನ ವಿಷಯ ಹೇಳಿ ಮುಗಸ್ತೇನಿ, ಯಾಕಂದ್ರ ಇದನ್ನ ಎಲ್ಲಾರೂ ಅಜ್ಜನ ಕಾಲದ್ದು ಅಟ್ಟದಿಂದ ತಗದು ಕೊಡ್ತಾರ. ಕೋಲು ಗಟ್ಟಿ ಕೈಯಾಗ ಇರಬೇಕು. ಚಪ್ಪಲಿ ಹಾಕ್ಕೊಂಡು ನೆಟ್ಟಗ ನಿಂತು ಕೈ ಕೆಳಗ ಬಿಟ್ರ ಮಣಿಕಟ್ಟಿನ ಗೆರಿ ಎಲ್ಲಿ ಬರ್ತದೋ ಅಲ್ಲಿಗೆ ಹಿಡಿ ಬರಬೇಕು. ಉದ್ದ ಆದ್ರ ಹೆಗಲು ಮ್ಯಾಲೇರ್ತದ, ಗಿಡ್ಡ ಆದ್ರ ಮೈ ಆ ಕಡಿ ಬಾಗ್ತದ, ಎರಡರಿಂದಾನೂ ಇಷ್ಟು ದಿನ ಮಾಡಿದ್ದು ನೀರಾಗ ಹೋಗ್ತದ. ಮೊದ್ಲ ಕೋಲು, ಆಮ್ಯಾಲೆ ಸೋತ ಕಾಲು, ಆಮ್ಯಾಲೆ ಗಟ್ಟಿ ಕಾಲು. ಪಾವಟಿಗಿ ಹತ್ತೂಮುಂದ ಗಟ್ಟಿ ಕಾಲು ಮೊದ್ಲ, ಇಳಿಯೂಮುಂದ ಸೋತ ಕಾಲು ಮೊದ್ಲ. ನಮ್ಮ ಮೊಮ್ಮಗ ಇದಕ್ಕ "ಏರ್ಲಿಕ್ಕೆ ಶೂರ, ಇಳೀಲಿಕ್ಕೆ ಸೋತಾಂವ" ಅಂತ ಹಾಡು ಕಟ್ಯಾನ. ಕಟ್ಟಗಿ ಕೋಲು ಉದ್ದ ಇದ್ರ ಬಡಿಗ್ಯಾರ ಅಂಗಡ್ಯಾಗ ಅಳತಿ ಕೊಟ್ರ ಹತ್ತು ನಿಮಿಷದಾಗ ಕೊಯ್ದು ಕೊಡ್ತಾರ. ಕೊಯ್ಸಿದ ಮ್ಯಾಲೆ ತುದಿಗೆ ರಬ್ಬರ್ ಟೊಪ್ಪಿಗಿ ಹಾಕಸೂದು ಮರೀಬ್ಯಾಡ್ರಿ. ಮೆಡಿಕಲ್ ಅಂಗಡ್ಯಾಗ ಸಿಗ್ತದ, ಸವದ ಕೂಡ್ಲೆ ಬದಲಸ್ರಿ.